ಕುರುಡು ಕುದುರೆಯ ರಿಯಾಯಿತಿ ಕಾರ್ಡು

ಕುರುಡು ಮುದಿ ಕುದುರೆಯೊಂದು ತಡವರಿಸುತ್ತಾ ರೈಲು ನಿಲ್ದಾಣದ ಟಿಕೆಟ್ ಕಿಟಕಿಗೆ ಬಂದು, ಕುರುಡರಿಗೆಂದು ಕೊಟ್ಟಿದ್ದ ರಿಯಾಯಿತಿ ಕಾರ್ಡನ್ನು ಟಿಕೆಟ್ ಕೊಡುವ ನರಿಯ ಮುಂದಿಟ್ಟಿತು.

"ಅರ್ಧ ಟಿಕೆಟ್ ಕೊಡಪ್ಪ. ಮೊಮ್ಮಗನನ್ನು ನಾಳೆ ಬೆಳಿಗ್ಗೆ ಸಂತೆಗೆ ಹೊಡ್ಕೊಂಡು ಹೋಗ್ತಾರಂತೆ. ಅದಕ್ಕೆ ಮುಂಚೆ ಒಂದು ಸಲ ಅವನ ಮೈ ಮೂಸಬೇಕು. ಇರೋದು ಇದೊಂದೇ ರೈಲು."

"ಕಾಗದ ನಡೆಯಲ್ಲ ಅಜ್ಜ. ಈಗ ಎಲ್ಲ ಮೊಬೈಲಲ್ಲೇ," ಎಂದು ನರಿ ಕಾರ್ಡನ್ನು ಪರ್ರನೆ ಹರಿದು, ಕಿಟಕಿಯಿಂದಾಚೆ ಫೋನು ಚಾಚಿತು. "ಆ್ಯಪು ನಿನ್ನ ಗುರುತು ಹಿಡೀಲಿ."

"ಎರಡೂ ಕಣ್ಣು ಬಿಟ್ಟು ಪರದೆ ನೋಡಿ," ಎಂದಿತು ಫೋನು.

"ಕಣ್ಣಿದ್ದಿದ್ದರೆ ಆ ಕಾರ್ಡು ನನಗೆ ಯಾರು ಕೊಡ್ತಿದ್ದರೋ ಮಾರಾಯ?"

"ನಿಯಮ ಅಜ್ಜ, ನಾನೇನು ಮಾಡಲಿ? ಸ್ವಲ್ಪ ಪ್ರಯತ್ನ ಮಾಡು."

"ಕಣ್ಣು ಬಿಡಿ, ಕಣ್ಣು ಬಿಡಿ," ಎಂದು ಫೋನು ಒದರುತ್ತಲೇ ಇತ್ತು. ಅಷ್ಟರಲ್ಲಿ ರೈಲು ಕೂಗಿ ಹೊರಟೇ ಹೋಯಿತು. ಅದರ ಸದ್ದು ದೂರವಾಯಿತು. ಕುದುರೆ ಕಿವಿ ನಿಮಿರಿಸಿ, ಬೆನ್ನು ತಿರುಗಿಸಿ, ಫೋನಿನ ದನಿ ಬಂದ ಕಡೆಗೆ ಜಾಡಿಸಿ ಒದೆಯಿತು. ಫೋನು ಪುಡಿಪುಡಿಯಾಯಿತು.

"ಎಲಾ ಕಳ್ಳ ಮುದುಕ!" ಎಂದು ನರಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿರುಚಿತು. "ಇಷ್ಟು ಗುರಿಯಿಟ್ಟು ಒದೀತೀಯ ಅಂದಮೇಲೆ ನಿನಗೆ ಕಣ್ಣು ಚೆನ್ನಾಗೇ ಕಾಣುತ್ತೆ! ನಿನ್ನ ರಿಯಾಯಿತಿ ರದ್ದು! ತಗೋ, ಕಾಗದದಲ್ಲಿ ಬರೆದಿದ್ದೀನಿ, ಓದಿ ಸಹಿ ಹಾಕು!"

ಕುದುರೆ ಮತ್ತೆ ಕಿವಿ ನಿಮಿರಿಸಿತು. ಈ ಸಲ ದನಿ ಬರುತ್ತಿದ್ದುದು ನರಿಯ ಬಾಯಿಂದ.