ಮೂರನೆಯ ಚಕ್ರ

“ಬುದ್ಧೀ, ಇಬ್ಬರ ನಡುವೆ ನೆಮ್ಮದಿ ಕೆಟ್ಟರೆ ದೋಷ ಯಾರದೆಂದು ತಿಳಿಯುವುದು ಹೇಗೆ?”

ಹೀಗೆ ಕೇಳಿದ ಶಿಷ್ಯ ಗುರುಪಾದನ ಕಂಕುಳಲ್ಲಿ ಸುತ್ತಿದ ಚಾಪೆಯಿತ್ತು. ಕೋಣೆಯ ಜೊತೆಗಾರ ಚೆನ್ನವೀರ ಅವನ ಜೀವದ ಗೆಳೆಯ. ಈಗ ಆ ಗೆಳೆಯನ ಉಸಿರಾಟವೂ ಅವನಿಗೆ ಕಿರಿಕಿರಿ. ಬೇರೆ ಕೋಣೆ ಸಿಗದಿದ್ದರೆ ಮಠವನ್ನೇ ಬಿಡುವುದೆಂದು ನಿಶ್ಚಯಿಸಿ ಬಂದಿದ್ದ.

ಗುರುಗಳು ಚಾಪೆಯನ್ನು ನೋಡಿಯೂ ನೋಡದಂತೆ ಹೇಳತೊಡಗಿದರು.

ಒಬ್ಬ ಗಿರಣಿಯವನಿದ್ದ. ಎಂಜಿನ್ನಿನಿಂದ ಬೀಸುವ ಕಲ್ಲನ್ನು ತಿರುಗಿಸುವ ಕಬ್ಬಿಣದ ಚಕ್ರಕ್ಕೆ ಉದ್ದನೆಯ ಚರ್ಮದ ಬೆಲ್ಟು. ಅದು ಓಡಿದಾಗಲೆಲ್ಲ ಧಬ್, ಧಬ್ ಎಂದು ಗಿರಣಿಯೇ ನಡುಗುತ್ತಿತ್ತು. ಚಕ್ರ ಕೂರಿಸಿಕೊಟ್ಟವನು ಅವನ ಭಾವಮೈದುನ. ‘ಸೊಟ್ಟ ಚಕ್ರ ತಂದು ನನ್ನ ತಲೆಗೆ ಕಟ್ಟಿದ’ ಎಂದು ಗಿರಣಿಯವನು ಅವನ ಮುಖ ನೋಡುವುದನ್ನೇ ಬಿಟ್ಟ. ಮನೆಯಲ್ಲಿ ಹೆಂಡತಿ ತವರಿನ ಹೆಸರೆತ್ತುವಂತಿರಲಿಲ್ಲ. ಚಕ್ರ ಬದಲಾಯಿತು. ಸದ್ದು ಹೋಗಲಿಲ್ಲ. ಇನ್ನೊಮ್ಮೆ ಬದಲಾಯಿತು. ಆಗಲೂ ಅದೇ ಧಬ್. ಕಲ್ಲನ್ನೇ ಕೀಳಿಸಲು ಹೊರಟಾಗ ಒಬ್ಬ ಮುದಿ ಮೆಕ್ಯಾನಿಕ್ ಬಂದ.

ಆತ ಒಂದು ಬೋಲ್ಟನ್ನೂ ಮುಟ್ಟಲಿಲ್ಲ. ಸೀಮೆಸುಣ್ಣದಿಂದ ಚಕ್ರದ ಮೇಲೊಂದು, ಬೆಲ್ಟಿನ ಹೊಲಿಗೆಯ ಮೇಲೊಂದು ಗೀಟು ಎಳೆದ. ಎಂಜಿನ್ನನ್ನು ನಿಧಾನಕ್ಕೆ ಬಿಟ್ಟು, ‘ಕೂತ್ಕೊಳ್ಳಿ ಯಜಮಾನ್ರೆ. ಸದ್ದು ಯಾವ ಗೀಟಿನ ಜೊತೆ ಬರುತ್ತೆ ನೋಡಿ’ ಎಂದ.

ಇಬ್ಬರೂ ಕೂತರು. ಬಿಸಿಲುಕೋಲಿನಲ್ಲಿ ಹಿಟ್ಟಿನ ದೂಳು ತೇಲುತ್ತಿತ್ತು. ಚಕ್ರದ ಗೀಟು ಬಂತು, ಹೋಯಿತು. ಬಂತು, ಹೋಯಿತು. ಗಿರಣಿಯವನಿಗೆ ಜೋಂಪು ಹತ್ತಿತು. ಚಕ್ರ ನಿಂತಿದೆ, ತಾನೇ ಸುತ್ತುತ್ತಿದ್ದೇನೆ ಎನ್ನಿಸಿತು. ಚಕ್ರ ನಾಲ್ಕೈದು ಸುತ್ತು ಮುಗಿಸುವಷ್ಟರಲ್ಲಿ ಬೆಲ್ಟಿಗೆ ಒಂದೇ ಸುತ್ತು. ಅದರ ಗೀಟು ಮೆಲ್ಲನೆ ತೇಲಿಬಂದು ಚಕ್ರವನ್ನು ಏರಿತು. ಧಬ್. ಸುತ್ತಿ ಬಂದು ಮತ್ತೆ ಏರಿತು. ಧಬ್.

‘ಈ ಹೊಲಿಗೆ ಯಾರು ಹಾಕಿದ್ದು?’ ಎಂದು ಮೆಕ್ಯಾನಿಕ್ ಕೇಳಿದ.

ಗಿರಣಿಯವನು ತನ್ನ ಕೈಗಳನ್ನು ನೋಡಿಕೊಂಡ. ಗಟ್ಟಿಯಿರಲೆಂದು ತುದಿಯ ಮೇಲೆ ತುದಿ ಪೇರಿಸಿ, ದಪ್ಪಗೆ ಉಬ್ಬುವಂತೆ ಹೊಲಿದವನು ತಾನೇ. ನಾಚಿಕೆಯಿಂದ ಅವನ ಕಣ್ಣು ತುಂಬಿತು. ಅಂದೇ ಹೆಂಡತಿಯನ್ನು ಕರೆದುಕೊಂಡು ಭಾವಮೈದುನನ ಬಾಗಿಲಿಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದನ ಕಿವಿಯಲ್ಲಿ ಬೆಲ್ಟು ಇನ್ನೂ ಓಡುತ್ತಲೇ ಇತ್ತು. ಆದರೂ ಬಂದ ಕೆಲಸವನ್ನು ಅವನು ಮರೆತಿರಲಿಲ್ಲ.

“ಹಾಗಾದರೆ ನನಗೆ ಬೇರೆ ಕೋಣೆ, ಬುದ್ಧೀ?”

“ಕೊಡೋಣ, ಗುರುಪಾದ. ಈ ವರ್ಷ ಮೂರು ಕೋಣೆ ಬದಲಾದವು, ಚಾಪೆ ಮಾತ್ರ ಅದೇ ಇದೆಯಲ್ಲ?”