ಇಪ್ಪತ್ತೈದು ಅಡಿ ದೂರ

ರಷ್ಯದ ನೌಕಾಪಡೆಯಲ್ಲಿ ನೀರೊಳಗೆ ತಾನಾಗಿ ಓಡಿ ಹಡಗನ್ನು ಸಿಡಿಸುವ ಟಾರ್ಪೆಡೊಗಳನ್ನು ಬಿಡುವ ದೋಣಿಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲ. ಬಾಲ್ಟಿಕ್ ಸಮುದ್ರದ ಒಂದು ಕೊಲ್ಲಿಯಲ್ಲಿ ಯೆರ್ಮೊಲಾಯ್ ಎಂಬ ವೃದ್ಧರು ಆ ವಿದ್ಯೆ ಕಲಿಸುತ್ತಿದ್ದರು.

ಅವರ ಬಲಗೈ ಸದಾ ನಡುಗುತ್ತಿತ್ತು. ಚಹಾ ಕುಡಿದರೆ ಅರ್ಧ ಹೊಟ್ಟೆಗೆ, ಅರ್ಧ ಗಡ್ಡಕ್ಕೆ. ವಯಸ್ಸಾಯಿತು, ಇಲ್ಲವೇ ವೋಡ್ಕಾ ಹೆಚ್ಚಾಯಿತು ಎಂದು ಶಿಷ್ಯರು ಮುಸಿಮುಸಿ ನಗುತ್ತಿದ್ದರು. ಎಲ್ಲರಿಗಿಂತ ಹೆಚ್ಚು ನಕ್ಕವನು ಗ್ಲೆಬ್.

ಗ್ಲೆಬ್‌ಗೆ ಹೊಸ ದೋಣಿಯೊಂದರ ನಾಯಕನಾಗುವ ಆಸೆ. ಅದಕ್ಕೆ ಗುರುಗಳ ಸಹಿ ಬೇಕಿತ್ತು.

ಅಭ್ಯಾಸಕ್ಕೆಂದು ಕೊಲ್ಲಿಯ ನಡುವೆ ಹಳೆಯ ಹಡಗೊಂದನ್ನು ನಿಲ್ಲಿಸಿದ್ದರು. ಅದರಲ್ಲೊಬ್ಬ ಕಾವಲುಗಾರ. ಸಿಡಿಮದ್ದಿಲ್ಲದ ಟಾರ್ಪೆಡೊ ಬಂದು ತಗುಲಿದರೆ ಕೆಂಪು ಬಾವುಟ ಎತ್ತುವುದು ಅವನ ಕೆಲಸ.

ಅಂದು ಗ್ಲೆಬ್ ನಾನೂರು ಗಜ ದೂರದಿಂದ ಟಾರ್ಪೆಡೊ ಬಿಟ್ಟ. ಬಾವುಟ ಎದ್ದಿತು. ಹಿಗ್ಗಿ ಹೀರೇಕಾಯಿಯಾಗಿ ದಡಕ್ಕೆ ಬಂದ.

"ತಗುಲಿತು, ಗುರುಗಳೇ!"

"ನೋಡಿದೆ. ಕಾವಲುಗಾರ ಏನು ಮಾಡುತ್ತಿದ್ದ?"

"ಅಷ್ಟು ದೂರಕ್ಕೆ ಅವನೆಲ್ಲಿ ಕಾಣುತ್ತಾನೆ?"

"ಹಾಗಾದರೆ ಸಹಿ ಇಲ್ಲ."

ಗ್ಲೆಬ್‌ಗೆ ಮೈಯೆಲ್ಲ ಉರಿಯಿತು. "ದೂರದಿಂದ ಹೊಡೆಯಲೆಂದೇ ಅಲ್ಲವೇ ಇದನ್ನು ಮಾಡಿರುವುದು?"

ಗುರುಗಳು ಉಗ್ರಾಣದಿಂದ ಒಂದು ಉದ್ದನೆಯ ಮರದ ಕಂಬವನ್ನು ಎಳೆದು ತಂದು ಮರಳ ಮೇಲೆ ಹಾಕಿದರು.

"ನಮ್ಮ ಕಾಲದ ಟಾರ್ಪೆಡೊ ತಾನಾಗಿ ಓಡುತ್ತಿರಲಿಲ್ಲ. ಇದನ್ನು ದೋಣಿಯ ಮೂತಿಗೆ ಕಟ್ಟುತ್ತಿದ್ದೆವು. ಆ ತುದಿಗೆ ಮದ್ದು, ಈ ತುದಿಗೆ ನಾನು. ಹೋಗಿ ಹಡಗಿಗೆ ತಿವಿಯಬೇಕು."

ಗ್ಲೆಬ್ ಅಳೆದು ನೋಡಿದ. ಇಪ್ಪತ್ತೈದು ಅಡಿ.

"ನಾಳೆ ಮೊದಲು ಇಷ್ಟು ಹತ್ತಿರ ಹೋಗಿ ನೋಡು," ಎಂದರು ಗುರುಗಳು. "ಆಮೇಲೆ ನಿನ್ನ ನಾನೂರು ಗಜಕ್ಕೆ ಹಿಂದೆ ಸರಿದು ಟಾರ್ಪೆಡೊ ಬಿಡು."

ಇದೊಂದು ಮುದುಕರ ಹಟ ಎಂದುಕೊಂಡೇ ಮರುದಿನ ಗ್ಲೆಬ್ ಹೊರಟ. ಮರಳಿ ಬಂದಾಗ ಅವನ ಕೈಯಲ್ಲೊಂದು ಬೇಯಿಸಿದ ಆಲೂಗಡ್ಡೆ ಇತ್ತು.

"ಕಾವಲುಗಾರ ಏನು ಮಾಡುತ್ತಿದ್ದ?"

"ಊಟ ಮಾಡುತ್ತಿದ್ದ. ನನ್ನನ್ನು ನೋಡಿ, ಹಸಿದಿದ್ದೀಯೇನಪ್ಪಾ ಅಂತ ಇದನ್ನು ಎಸೆದ."

"ತಿನ್ನಲಿಲ್ಲವೇ?"

"ಆಗಲಿಲ್ಲ."

"ಟಾರ್ಪೆಡೊ?"

"ಹಿಂದೆ ಹೋಗಿ ಬಿಟ್ಟೆ. ತಗುಲಿತು. ಆದರೆ..." ಗ್ಲೆಬ್ ತಲೆ ತಗ್ಗಿಸಿದ. ನಾಯಕನ ಪದವಿ ಕೈತಪ್ಪಿತೆಂದೇ ಅವನಿಗೆ ಅನ್ನಿಸಿತ್ತು. "ಮದ್ದಿಲ್ಲ ಎಂದು ಗೊತ್ತಿದ್ದೂ ನನ್ನ ಕೈ ನಡುಗಿತು, ಗುರುಗಳೇ."

ಯೆರ್ಮೊಲಾಯ್ ಕಾಗದ ತರಿಸಿದರು. ಲೇಖನಿಯನ್ನು ಶಾಯಿಗೆ ಅದ್ದಿದರು. ಅದು ಅವರ ಬೆರಳುಗಳ ನಡುವೆ ಅಲುಗತೊಡಗಿತು. ಈ ಸಲ ಗ್ಲೆಬ್ ನಗಲಿಲ್ಲ.

"ಕಾಗದವನ್ನು ಗಟ್ಟಿಯಾಗಿ ಹಿಡಿದುಕೊ, ಗ್ಲೆಬ್," ಎಂದರು ಗುರುಗಳು. "ನಾನು ತಿವಿದ ಹಡಗಿನಲ್ಲಿ ಒಬ್ಬ ರೊಟ್ಟಿ ಮುರಿಯುತ್ತಿದ್ದ."