ತೊಗಲು ತಿಂದ ನಾಯಿ

"ಗುರುಗಳೇ, ಬರಹವೇ ಇಲ್ಲದ ಜನ ತಮ್ಮ ಮೂಲವನ್ನು ಕಳೆದುಕೊಳ್ಳದೆ ಇನ್ನೇನು ಮಾಡಿಯಾರು?" ಎಂದು ಶಿಷ್ಯ ಕೇಳಿದ. ಓಲೆಗರಿ ಬರೆಯುವುದರಲ್ಲಿ ಅವನ ಕೈ ಪಳಗಿತ್ತು. ಮಾತಿನಲ್ಲಿ ತುಸು ಜಂಬವೂ ಇತ್ತು.

"ಬಹಳ ತಿಳಿದವನು ನೀನು! ಗರಿ ಕೆಳಗಿಟ್ಟು ಕೇಳು," ಎಂದು ಗುರುಗಳು ಕತೆ ಹೇಳಿದರು.

ನಾಗಾ ಬೆಟ್ಟದಲ್ಲಿ ತೆಮ್ಸು ಎಂಬುವನಿದ್ದ. ತಮ್ಮ ಹಿರಿಯರು ಕಲ್ಲಿನೊಳಗಿಂದ ಎದ್ದು ಬಂದವರೆಂದೂ, ತಮಗೂ ಹಿಂದೆ ಅಕ್ಷರವಿತ್ತೆಂದೂ, ಅದನ್ನು ಬರೆದಿಟ್ಟ ತೊಗಲನ್ನು ನಾಯಿಯೊಂದು ತಿಂದುಹಾಕಿತೆಂದೂ ಅವನ ಜನ ಹೇಳುತ್ತಿದ್ದರು. ಅಂದಿನಿಂದ, ಕಲ್ಲು ಬಿಟ್ಟು ನಡೆದುಬಂದ ದಾರಿಯನ್ನೆಲ್ಲ ಹಾಡು ಕಟ್ಟಿ ಬಾಯಲ್ಲೇ ಉಳಿಸಿಕೊಂಡಿದ್ದರು. ಹಿರಿಯರು ಒಂದು ಸಾಲು ಹೇಳಬೇಕು, ಕಿರಿಯರು ಅದನ್ನು ತಿರುಗಿ ಹೇಳಬೇಕು, ಅದೇ ಪದ್ಧತಿ. ತೆಮ್ಸುವಿನ ಮನೆತನದ ಹಾಡು ಅವನ ತಾಯಿಯೊಬ್ಬಳಿಗೇ ಗೊತ್ತಿತ್ತು.

ತೆಮ್ಸು ಬಯಲಿನ ಊರಿಗೆ ಇಳಿದು ಉಪ್ಪಿನ ವ್ಯಾಪಾರ ಹಿಡಿದ. ಸಂತೆಯವರು ಅವನ ಮಾತನ್ನು ಅಣಕಿಸಿ ನಕ್ಕರು. ಆ ನಗು ಎದೆಗೆ ನಾಟಿತು. ಮಗಳು ಹುಟ್ಟಿದಾಗ, ಇವಳಿಗೆ ಈ ಪಾಡು ಬೇಡವೆಂದು ಮನೆಯಲ್ಲೂ ಬಯಲಿನ ಮಾತನ್ನೇ ಆಡಿದ. ಪುಸ್ತಕವಿಲ್ಲದ ಮಾತನ್ನು ಕಲಿತು ಏನಾಗಬೇಕು, ಎಲ್ಲ ಆ ಹಾಳು ನಾಯಿಯಿಂದ ಎನ್ನುತ್ತಿದ್ದ.

ತಾಯಿ ಹಾಸಿಗೆ ಹಿಡಿದಳೆಂದು ಸುದ್ದಿ ಬಂತು. ಅಷ್ಟರಲ್ಲಿ ಮದುವೆಯ ವಯಸ್ಸಿಗೆ ಬಂದಿದ್ದ ಮಗಳು ಅರೆನ್ಲಾಳನ್ನು ಕರೆದುಕೊಂಡು ಅವನು ಬೆಟ್ಟ ಹತ್ತಿದ. ಮೊಮ್ಮಗಳನ್ನು ಕಂಡು ಮುದುಕಿಗೆ ಹೋದ ಜೀವ ಬಂದಂತಾಯಿತು. ಅವಳನ್ನು ಒಲೆಯ ಬಳಿ ಕೂರಿಸಿಕೊಂಡು ಮೊದಲ ಸಾಲು ಹಾಡಿದಳು. ಹುಡುಗಿ ತಂದೆಯ ಮುಖ ನೋಡಿದಳು.

"ಅಪ್ಪಾ, ಅಜ್ಜಿಗೆ ಏನು ಬೇಕಂತೆ?"

ತೆಮ್ಸು ತಾನೇ ಅದನ್ನು ತಿರುಗಿ ಹೇಳಿ, ಚಿಕ್ಕಂದಿನಲ್ಲಿ ಕೇಳಿದ್ದನ್ನು ನೆನೆದು ಮುಂದುವರಿಸಹೋದ. ಎರಡು ಸಾಲಿಗೆ ನಾಲಿಗೆ ತಡವರಿಸಿತು. ಮೂರನೆಯದು ಹತ್ತಲೇ ಇಲ್ಲ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡ. ಆ ಸಂಕಟದಲ್ಲಿ ಒಲೆಯ ಪಕ್ಕ ಮಲಗಿದ್ದ ನಾಯಿಯನ್ನು ಒದ್ದ. "ಈ ನಾಯಿಗಳೇ ನಮ್ಮ ಮನೆ ಹಾಳು ಮಾಡಿದ್ದು!"

ಮುದುಕಿ ನಾಯಿಯನ್ನು ಹತ್ತಿರಕ್ಕೆಳೆದುಕೊಂಡಳು. "ಅದನ್ನೇಕೆ ಒದೆಯುತ್ತೀಯೋ? ಅದು ತಿಂದ ಮೇಲೂ ನಾವು ಹಾಡಿದೆವಲ್ಲ."

ಮತ್ತೆ ಹಾಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಬೆಳಗಾಗುವಷ್ಟರಲ್ಲಿ ತೀರಿಕೊಂಡಳು, ಹಾಡೂ ಅವಳೊಡನೆ ಹೋಯಿತು. ತೆಮ್ಸು ಬದುಕಿರುವವರೆಗೂ ಆ ಮೂರನೆಯ ಸಾಲಿಗೆ ತಡಕಾಡುತ್ತಲೇ ಇದ್ದ.

ಕತೆ ಮುಗಿಯಿತು. ಶಿಷ್ಯ ಮೆಲ್ಲಗೆ, "ಆದರೂ ಮೊದಲ ತಪ್ಪು ನಾಯಿಯದೇ ಅಲ್ಲವೇ?" ಎಂದ.

ಗುರುಗಳು ನಿಟ್ಟುಸಿರು ಬಿಟ್ಟು ಹೇಳಿದರು: "ನಾಯಿಗೆ ಹಸಿವಾಗಿತ್ತು ಮಗೂ, ತೆಮ್ಸುವಿಗೆ ನಾಚಿಕೆಯಾಗಿತ್ತು."